ದೂರದ ಊರಿಗೆ ಹೂವು ಕಳುಹಿಸುವ ಬಗೆ

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ‘ವರ್ತನೆ’ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ವರ್ತನೆಯ ಹಾಲು, ವರ್ತನೆಯ ಹೂವು ಎಂದರೆ ದಿನವೂ ತಪ್ಪದೆ ಮನೆಬಾಗಿಲಿಗೆ ಬರುವ ಹಾಲು, ಹೂವು ಎಂದರ್ಥ. ಹೂವಾಡಗಿತ್ತಿ ಬೆಳಗಿನ ಹೊತ್ತು ಬಂದು, ಎಲೆಯಲ್ಲಿ ಸುತ್ತಿದ ಒಂದು ಮೊಳ ಹೂವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಮುಂದಿನ ಮನೆಗೆ ಹೋಗುತ್ತಾಳೆ. ಹಣದ ಲೆಕ್ಕ ತಿಂಗಳ ಕೊನೆಗೆ. ಉತ್ತರ ಕರ್ನಾಟಕದ ಊರುಗಳಲ್ಲಿ ಹೂಗಾರ ಮನೆತನದವರು ಗುಡಿಗೂ ಮನೆಗೂ ಹೂವು ಪತ್ರೆಗಳನ್ನು ಒದಗಿಸುವ ವಾಡಿಕೆ ತಲೆಮಾರುಗಳಿಂದ ನಡೆದುಬಂದಿದೆ. ಹೂವನ್ನು ಮನೆಗೆ ತಲುಪಿಸುವ ವ್ಯಾಪಾರ ಹೊಸ ಕಾಲದ ಶೋಧನೆಯೆಂದು ಭಾವಿಸುವವರು ಈ ಏರ್ಪಾಡನ್ನು ನೆನೆಯಬೇಕು. ಇದರಲ್ಲಿ ಹೂವು ಸಾಗಬೇಕಾದ ದಾರಿ ಒಂದೆರಡು ಬೀದಿಗಳಷ್ಟೆ. ಕೊಯ್ದ ಹೊತ್ತಿಗೂ ಮುಡಿಯುವ ಹೊತ್ತಿಗೂ ನಡುವೆ ಇರುವುದು ಕೆಲವೇ ಗಂಟೆಗಳು.

ಆದರೆ ಈಗ ಮನೆಯ ಮಕ್ಕಳು ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದಾರೆ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಹುಡುಗಿಯೊಬ್ಬಳು ಧಾರವಾಡದಲ್ಲಿರುವ ತನ್ನ ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಹೂವು ಕಳುಹಿಸಬಯಸುತ್ತಾಳೆ ಎನ್ನೋಣ. ಅವಳ ಮುಂದೆ ಎರಡು ದಾರಿಗಳಿವೆ. ಮೈಸೂರಿನಲ್ಲಿಯೇ ಹೂವು ಕೊಂಡು, ಪೆಟ್ಟಿಗೆಯಲ್ಲಿಟ್ಟು ಕಳುಹಿಸುವುದು ಒಂದು. ಧಾರವಾಡದಲ್ಲಿಯೇ ಇರುವ ಹೂವಿನ ಅಂಗಡಿಯೊಂದನ್ನು ಪತ್ತೆಮಾಡಿ, ಅವರಿಗೆ ಹಣವನ್ನೂ ಮಾತನ್ನೂ ಕಳುಹಿಸುವುದು ಇನ್ನೊಂದು. ಮೊದಲನೆಯದರಲ್ಲಿ ಹೂವು ಪ್ರಯಾಣ ಮಾಡುತ್ತದೆ. ಎರಡನೆಯದರಲ್ಲಿ ಮಾತು ಪ್ರಯಾಣ ಮಾಡುತ್ತದೆ. ಎರಡನೆಯದೇ ಲೇಸೆಂಬುದು ನಮ್ಮ ಅಭಿಪ್ರಾಯ. ಇದು ಬರಿಯ ಅಭಿಪ್ರಾಯವಲ್ಲ. ಸಸ್ಯಶಾಸ್ತ್ರ ಇದಕ್ಕೆ ಒಳ್ಳೆಯ ಕಾರಣಗಳನ್ನು ಕೊಡುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಶಾಸ್ತ್ರವೇಕೆ ಎಂದು ವಾಚಕರು ಕೇಳಬಹುದು. ಕೊಂಡ ಪುಸ್ತಕ ಎರಡು ದಿನ ತಡವಾಗಿ ಬಂದರೂ ಓದಬಹುದು. ಹುಟ್ಟುಹಬ್ಬದ ಹೂವು ಬಾಡಿ ಬಂದರೆ, ಅಥವಾ ಸಾವಿನ ಮನೆಗೆಂದು ಹೇಳಿದ ಹಾರ ಸಂಸ್ಕಾರ ಮುಗಿದ ಮೇಲೆ ಬಂದರೆ, ಅದನ್ನು ಮತ್ತೆ ಸರಿಪಡಿಸಲು ಬರುವುದಿಲ್ಲ. ಕಳುಹಿಸಿದವರ ಕಣ್ಣಿಗೆ ಬೀಳದೆಯೇ ಆ ತಪ್ಪು ನಡೆದುಹೋಗಿರುತ್ತದೆ. ಪಡೆದವರು ಸೌಜನ್ಯದಿಂದ ಸುಮ್ಮನಿರುತ್ತಾರೆ.

ಕೊಯ್ದ ಹೂವು ಉಸಿರಾಡುತ್ತದೆ

ಗಿಡದಿಂದ ಬೇರ್ಪಟ್ಟ ಹೂವು ಆಗಲೇ ಸತ್ತಿತೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಅದರ ಜೀವಕೋಶಗಳು ಮೊದಲಿನಂತೆಯೇ ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತಿರುತ್ತವೆ. ಈ ಉಸಿರಾಟಕ್ಕೆ ಬೇಕಾದ ಸೌದೆ ಎಂದರೆ ಸಕ್ಕರೆ. ಗಿಡದಲ್ಲಿದ್ದಾಗ ಎಲೆಗಳು ಆ ಸಕ್ಕರೆಯನ್ನು ತಯಾರಿಸಿ ಹೂವಿಗೆ ಕಳುಹಿಸುತ್ತಿದ್ದವು. ಕೊಯ್ದ ಮೇಲೆ ಆ ಬರವು ನಿಂತಿತು. ಇನ್ನು ದಳಗಳಲ್ಲಿಯೂ ಕಾಂಡದಲ್ಲಿಯೂ ಕೂಡಿಟ್ಟುದು ಎಷ್ಟೋ ಅಷ್ಟೆ. ದುಡಿಮೆ ನಿಂತ ಮೇಲೆ ಪೆಟ್ಟಿಗೆಯಲ್ಲಿದ್ದ ಹಣದಿಂದ ಸಂಸಾರ ಸಾಗಿಸುವವನ ಸ್ಥಿತಿ ಹೂವಿನದು.

ಆ ಹಣ ಎಷ್ಟು ಬೇಗ ಕರಗುತ್ತದೆಂಬುದು ಉಷ್ಣತೆಯನ್ನು ಅವಲಂಬಿಸಿದೆ. ಕಾರ್ನೇಷನ್ ಹೂವಿನ ಉಸಿರಾಟವನ್ನು ಅಳೆದವರು ಕಂಡುಕೊಂಡಂತೆ, 30 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದರ ವೇಗ 0 ಡಿಗ್ರಿಯಲ್ಲಿರುವುದಕ್ಕಿಂತ ನಲವತ್ತು ಪಟ್ಟಿಗೂ ಮೀರಿದ್ದು. ಅಂದರೆ ತಣ್ಣನೆಯ ಕೋಣೆಯಲ್ಲಿ ಒಂದು ಇಡೀ ದಿನ ಕಳೆಯುವ ಸಕ್ಕರೆಯನ್ನು ಬಿಸಿಲಿನಲ್ಲಿ ನಿಂತ ಲಾರಿಯೊಳಗೆ ಹೂವು ಅರ್ಧ ಗಂಟೆಯ ಸುಮಾರಿಗೆ ಮುಗಿಸಿಬಿಡುತ್ತದೆ. ಹೂವಿನ ವಯಸ್ಸನ್ನು ಗಂಟೆಗಳಲ್ಲಿ ಎಣಿಸುವುದು ಇದರಿಂದಲೇ ಸರಿಯಲ್ಲ. ಗಂಟೆಯನ್ನೂ ಉಷ್ಣತೆಯನ್ನೂ ಕೂಡಿಸಿ ಎಣಿಸಬೇಕು.

ಉಸಿರಾಟದಿಂದ ಶಾಖವೂ ಹುಟ್ಟುತ್ತದೆ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಚಿಕ್ಕಬಳ್ಳಾಪುರದ ಕಡೆಯಿಂದ ಸೇವಂತಿಗೆ ಮೂಟೆಗಟ್ಟಲೆ ಬರುತ್ತದೆ. ಇಂಥ ಒಂದು ಮೂಟೆಯ ನಡುವಿಗೆ ನಾವು ಕೈಯಿಟ್ಟು ನೋಡಿದ್ದೇವೆ. ಬೆಳಗಿನ ಜಾವದ ಗಾಳಿ ಮೈ ಕೊರೆಯುತ್ತಿದ್ದರೂ ಮೂಟೆಯ ಒಳಗೆ ಬೆಚ್ಚಗಿತ್ತು. ಅಷ್ಟೊಂದು ಹೂವುಗಳು ಒತ್ತಾಗಿ ಕುಳಿತು ಉಸಿರಾಡಿದರೆ ಆ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಬಿಸಿ ಹೆಚ್ಚಿದಂತೆ ಉಸಿರಾಟ ಹೆಚ್ಚುತ್ತದೆ, ಉಸಿರಾಟ ಹೆಚ್ಚಿದಂತೆ ಬಿಸಿ ಹೆಚ್ಚುತ್ತದೆ. ಮೂಟೆಯ ಅಂಚಿನ ಹೂವು ಹಸನಾಗಿದ್ದು ನಡುವಿನದು ಕಂದಿರುವುದಕ್ಕೆ ಕಾರಣ ಇದೇ. ಅನುಭವಸ್ಥ ವ್ಯಾಪಾರಿ ಮೂಟೆಯ ಮೇಲುಭಾಗವನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಅವನೂ ಕೈಯನ್ನು ಒಳಕ್ಕೆ ಇಳಿಸುತ್ತಾನೆ.

ಸಕ್ಕರೆಯಾದ ಮೇಲೆ ನೀರು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1727ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೂರ್ಯಕಾಂತಿಯ ಮೇಲೆ ತಾನು ನಡೆಸಿದ ತೂಕದ ಪ್ರಯೋಗವನ್ನು ವಿವರಿಸಿದ್ದಾನೆ. ಮೂರೂವರೆ ಅಡಿ ಎತ್ತರದ ಗಿಡ ಹಗಲಿನ ಹನ್ನೆರಡು ಗಂಟೆಗಳಲ್ಲಿ ಅರ್ಧ ಕಿಲೋಗ್ರಾಮಿಗೂ ಮೀರಿದ ನೀರನ್ನು ಗಾಳಿಗೆ ಬಿಡುತ್ತಿತ್ತು. ಅಷ್ಟು ನೀರು ಮೇಲೇರುವುದು ಹೇಗೆ? ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಎಂಬುವರು 1894ರಲ್ಲಿ ಕೊಟ್ಟ ಉತ್ತರವನ್ನೇ ಇಂದಿಗೂ ಮುಖ್ಯವಾಗಿ ಒಪ್ಪಲಾಗಿದೆ. ಎಲೆ ಮತ್ತು ದಳಗಳಿಂದ ನೀರು ಆವಿಯಾಗಿ ಹೋದಂತೆ, ಕ್ಸೈಲಂ ಎಂಬ ಸೂಕ್ಷ್ಮ ಕೊಳವೆಗಳಲ್ಲಿರುವ ನೀರಿನ ಎಳೆ ಕೆಳಗಿನಿಂದ ಮೇಲಕ್ಕೆ ಎಳೆಯಲ್ಪಡುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಡದೆ ಹಿಡಿದಿರುವುದರಿಂದ ಆ ಎಳೆ ಕಡಿಯದೆ ಉಳಿಯುತ್ತದೆ. ಬಿಗಿದು ಕಟ್ಟಿದ ವೀಣೆಯ ತಂತಿಯಂತೆ ಅದು ಸದಾ ಸೆಳೆತದಲ್ಲಿರುತ್ತದೆ.

ಈಗ ಕತ್ತರಿಯಿಂದ ಕಾಂಡವನ್ನು ಕತ್ತರಿಸಿದರೆ ಏನಾಗುತ್ತದೆ? ತಂತಿ ತುಂಡಾದಂತೆ ಆಗಿ, ನೀರಿನ ಎಳೆ ಮೇಲಕ್ಕೆ ಸರಿಯುತ್ತದೆ. ಅದರ ಹಿಂದೆಯೇ ಗಾಳಿ ಕೊಳವೆಯೊಳಕ್ಕೆ ನುಗ್ಗುತ್ತದೆ. ಆಮೇಲೆ ಹೂವನ್ನು ನೀರಿನಲ್ಲಿಟ್ಟರೂ ಆ ಗಾಳಿಗುಳ್ಳೆ ದಾರಿಯನ್ನು ಕಟ್ಟಿ ನಿಲ್ಲುತ್ತದೆ. ಗುಲಾಬಿಯ ಮೊಗ್ಗು ಅರಳದೆಯೇ ಕುತ್ತಿಗೆ ಬಾಗಿಸಿ ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಹಳೆಯದಾಗಿದೆಯೆಂದು ಹಲವರು ಎಸೆದುಬಿಡುತ್ತಾರೆ. ಬಹುಸಾರಿ ಅದು ಹಳೆಯದಾಗಿರುವುದಿಲ್ಲ, ಬಾಯಾರಿರುತ್ತದೆ. ಕಾಂಡದ ತುದಿಯಿಂದ ಎರಡು ಮೂರು ಸೆಂಟಿಮೀಟರನ್ನು ನೀರಿನೊಳಗೆ ಮುಳುಗಿಸಿಯೇ ಕತ್ತರಿಸಿ ಬಿಟ್ಟರೆ ಕೆಲವು ಗಂಟೆಗಳಲ್ಲಿ ಕುತ್ತಿಗೆ ಮತ್ತೆ ನೆಟ್ಟಗಾಗುವುದುಂಟು. ನೀರು ಕೊಳೆತಿದ್ದರೆ ಮಾತ್ರ ಈ ಉಪಾಯ ನಡೆಯದು. ಬ್ಯಾಕ್ಟೀರಿಯಗಳು ಕತ್ತರಿಸಿದ ಬಾಯಿಯಲ್ಲಿ ಬೆಳೆದು ಕೊಳವೆಗಳನ್ನು ಮುಚ್ಚುತ್ತವೆ. ಹೂವಿನ ಅಂಗಡಿಯ ಯೋಗ್ಯತೆಯನ್ನು ತಿಳಿಯಲು ಹೂವನ್ನು ನೋಡುವುದಕ್ಕಿಂತ ಅಲ್ಲಿಯ ಬಕೆಟ್ಟಿನ ನೀರನ್ನು ಮೂಸಿ ನೋಡುವುದು ಮೇಲೆಂದು ನಾವು ಹೇಳುವುದು ಇದಕ್ಕಾಗಿ.

ದೀಪದ ಅನಿಲವೂ ನಿದ್ದೆಹೋದ ಹೂವುಗಳೂ

ಅಮೆರಿಕದ ಷಿಕಾಗೋ ನಗರದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಬೆಳೆಗಾರರಿಗೆ ಒಂದು ವಿಚಿತ್ರವಾದ ಪೀಡೆ ತಗುಲಿತ್ತು. ಗಾಜಿನ ಮನೆಗಳಲ್ಲಿದ್ದ ಕಾರ್ನೇಷನ್ ಹೂವುಗಳು ರೋಗವೇನೂ ಇಲ್ಲದೆ ದಳಗಳನ್ನು ಒಳಕ್ಕೆ ಮುದುಡಿಕೊಂಡು ಮಲಗಿಬಿಡುತ್ತಿದ್ದವು. ಹೂವು ‘ನಿದ್ದೆಹೋಯಿತು’ ಎಂದೇ ಬೆಳೆಗಾರರು ಹೇಳುತ್ತಿದ್ದರು. ಷಿಕಾಗೋ ವಿಶ್ವವಿದ್ಯಾನಿಲಯದ ಕ್ರಾಕರ್ ಮತ್ತು ನೈಟ್ ಎಂಬ ಸಸ್ಯಶಾಸ್ತ್ರಜ್ಞರು ಇದರ ಬೆನ್ನುಹತ್ತಿದರು. ಆಗ ಬೀದಿಯಲ್ಲಿಯೂ ಮನೆಗಳಲ್ಲಿಯೂ ದೀಪ ಉರಿಸಲು ಕಲ್ಲಿದ್ದಲಿನ ಅನಿಲವನ್ನು ಕೊಳವೆಗಳ ಮೂಲಕ ಒದಗಿಸುತ್ತಿದ್ದರು. ಕೊಳವೆಗಳ ಬಿರುಕಿನಿಂದ ಸೋರಿದ ಆ ಅನಿಲವೇ ಅಪರಾಧಿಯೆಂದೂ, ಅದರಲ್ಲಿಯೂ ಎಥಿಲೀನ್ ಎಂಬ ಒಂದು ಅಂಶವೇ ಮೂಲವೆಂದೂ ಅವರು 1908ರಲ್ಲಿ ತೋರಿಸಿಕೊಟ್ಟರು. 20 ಲಕ್ಷ ಭಾಗ ಗಾಳಿಯಲ್ಲಿ ಒಂದೇ ಒಂದು ಭಾಗ ಎಥಿಲೀನ್ ಇದ್ದರೂ ಸಾಕು, ಅರಳಿದ ಕಾರ್ನೇಷನ್ ಹನ್ನೆರಡು ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತಿತ್ತು. ಅಂದಿನ ರಸಾಯನಶಾಸ್ತ್ರಜ್ಞನ ಉಪಕರಣಗಳಿಗೆ ಸಿಲುಕದಷ್ಟು ಸೂಕ್ಷ್ಮ ಪ್ರಮಾಣ ಇದು. ಹೂವಿಗೆ ಅದು ತಿಳಿಯುತ್ತಿತ್ತು.

ಮುಂದೆ 1934ರಲ್ಲಿ ಇಂಗ್ಲೆಂಡಿನ ಗೇನ್ ಎಂಬಾತ, ಮಾಗುವ ಸೇಬಿನ ಹಣ್ಣು ತಾನೇ ಎಥಿಲೀನನ್ನು ಹೊರಬಿಡುತ್ತದೆಂದು ಸಿದ್ಧಪಡಿಸಿದ. ಹೂವೂ ಮುಪ್ಪಾದಾಗ ಅದನ್ನು ತಯಾರಿಸುತ್ತದೆ. ಒಂದು ಬಾಡಿದ ಹೂವು ಪಕ್ಕದ ಹೂವನ್ನೂ ಬೇಗ ಬಾಡಿಸುವುದು ಹೀಗೆ. ವಾಹನದ ಹೊಗೆಯಲ್ಲಿ ಎಥಿಲೀನ್ ಉಂಟು. ಅರ್ಧಂಬರ್ಧ ಉರಿಯುವ ಯಾವುದರ ಹೊಗೆಯಲ್ಲಿಯೂ ಉಂಟು. ಹೀಗಾಗಿ ಸ್ಕೂಟರಿನ ಹೊಗೆಕೊಳವೆಯ ಬಳಿ ಕಟ್ಟಿಕೊಂಡು ಹೋದ ಹೂಗುಚ್ಛವೂ, ಬಾಳೆಹಣ್ಣಿನ ಗೊನೆಯ ಪಕ್ಕದಲ್ಲಿ ರಾತ್ರಿ ಕಳೆದ ಹೂಗುಚ್ಛವೂ ಹೊರಗೆ ಕಾಣದ ಏಟನ್ನು ತಿಂದಿರುತ್ತವೆ. ಬೆಳ್ಳಿಯ ಅಯಾನುಗಳು ಎಥಿಲೀನಿನ ಈ ಕೆಲಸವನ್ನು ತಡೆಯುತ್ತವೆಂದು 1976ರಲ್ಲಿ ಗೊತ್ತಾಯಿತು. ಅಲ್ಲಿಂದೀಚೆಗೆ ದೊಡ್ಡ ಬೆಳೆಗಾರರು ಕಾರ್ನೇಷನ್ನಿನಂಥ ಹೂವುಗಳಿಗೆ ಇಂಥ ರಕ್ಷಣೆಯ ದ್ರಾವಣವನ್ನು ಕುಡಿಸಿಯೇ ಮಾರುಕಟ್ಟೆಗೆ ಕಳುಹಿಸುವುದುಂಟು.

ಇದನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಒಂದೇ ಕಟ್ಟಿನ ಎರಡು ಕಾರ್ನೇಷನ್ ಹೂವುಗಳನ್ನು ಎರಡು ಲೋಟ ನೀರಿನಲ್ಲಿ ನಿಲ್ಲಿಸಿ, ಎರಡಕ್ಕೂ ಒಂದೇ ಅಳತೆಯ ಪಾರದರ್ಶಕ ಚೀಲಗಳನ್ನು ಹೊದಿಸಿ ಕಟ್ಟಬೇಕು. ಒಂದು ಚೀಲದೊಳಗೆ ಮಾತ್ರ ಚೆನ್ನಾಗಿ ಮಾಗಿದ ಒಂದು ಬಾಳೆಹಣ್ಣನ್ನಿಡಬೇಕು. ಎರಡು ಮೂರು ದಿನಗಳಲ್ಲಿ ಹಣ್ಣಿನ ಜೊತೆಯಲ್ಲಿರುವ ಹೂವಿನ ದಳಗಳ ಅಂಚು ಒಳಕ್ಕೆ ಸುರುಳಿಯಾಗುವುದನ್ನು ಕಾಣಬಹುದು. ದ್ರಾವಣ ಕುಡಿದು ಬಂದ ಹೂವಾದರೆ ಏನೂ ಆಗದೆ ಇರಬಹುದು. ಆಗ ಬೇರೆ ಅಂಗಡಿಯ ಹೂವಿನಿಂದ ಮತ್ತೆ ಪ್ರಯತ್ನಿಸಬೇಕು. ಸೇವಂತಿಗೆಯನ್ನು ಮಾತ್ರ ಈ ಪ್ರಯೋಗಕ್ಕೆ ಆರಿಸಬಾರದು. ಎಥಿಲೀನನ್ನು ಅದು ಅಷ್ಟಾಗಿ ಲೆಕ್ಕಿಸುವುದಿಲ್ಲ. ಅದರ ಬಾಳಿಕೆಯ ಗುಟ್ಟುಗಳಲ್ಲಿ ಇದೂ ಒಂದು.

ತಂತಿಯ ಮೇಲೆ ಹೋದ ಹೂವು

ಹೂವು ಪ್ರಯಾಣಕ್ಕೆ ಹೇಳಿದ ವಸ್ತುವಲ್ಲ ಎಂಬುದು ವ್ಯಾಪಾರಿಗಳಿಗೆ ಶಾಸ್ತ್ರವನ್ನು ಓದದೆಯೇ ತಿಳಿದಿತ್ತು. ಬರ್ಲಿನ್ ನಗರದ ಹೂವಿನ ವ್ಯಾಪಾರಿ ಮ್ಯಾಕ್ಸ್ ಹ್ಯೂಬ್ನರ್ 1908ರಲ್ಲಿ ಒಂದು ಸಂಘವನ್ನು ಕಟ್ಟಿದ. ಒಂದು ಊರಿನ ಅಂಗಡಿಯಲ್ಲಿ ಗಿರಾಕಿ ಹಣ ಕೊಟ್ಟರೆ, ಇನ್ನೊಂದು ಊರಿನ ಅಂಗಡಿಯವನು ತನ್ನಲ್ಲಿರುವ ಹೂವನ್ನು ಅಲ್ಲಿಯ ವಿಳಾಸಕ್ಕೆ ತಲುಪಿಸಬೇಕು. ಲೆಕ್ಕವನ್ನು ಅಂಗಡಿಗಳವರು ಆಮೇಲೆ ತಮ್ಮತಮ್ಮೊಳಗೆ ತೀರಿಸಿಕೊಳ್ಳಬೇಕು. 1910ರಲ್ಲಿ ಅಮೆರಿಕದ ಹತ್ತು ಹದಿನೈದು ಮಂದಿ ಹೂವಿನ ಅಂಗಡಿಯವರು ಇದೇ ಬಗೆಯ ಒಪ್ಪಂದಕ್ಕೆ ಬಂದು, ತಂತಿಯ ಮೂಲಕ ಬೇಡಿಕೆಗಳನ್ನು ವಿನಿಮಯ ಮಾಡಿಕೊಳ್ಳತೊಡಗಿದರು. ‘ಫ್ಲೋರಿಸ್ಟ್ಸ್ ಟೆಲಿಗ್ರಾಫ್ ಡೆಲಿವರಿ’ ಎಂಬ ಆ ಸಂಘಕ್ಕೆ ರೋಮನ್ನರ ದೇವದೂತ ಮರ್ಕ್ಯುರಿಯೇ ಲಾಂಛನವಾದ. ಅಮೆರಿಕ, ಬ್ರಿಟನ್ ಮತ್ತು ಯೂರೋಪಿನ ಇಂಥ ಸಂಘಗಳು 1946ರಲ್ಲಿ ಇಂಟರ್‌ಫ್ಲೋರ ಎಂಬ ಹೆಸರಿನಲ್ಲಿ ಒಂದುಗೂಡಿದವು.

ಈ ಯೋಜನೆಯ ಜಾಣತನವನ್ನು ಗಮನಿಸಿ. ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೂವು ರೈಲಿನಲ್ಲಿ ಹೋಗಬೇಕಾದರೆ ಹಲವು ದಿನಗಳು ಬೇಕಾಗಿದ್ದವು. ತಂತಿಯ ಮೇಲೆ ಮಾತು ಕೆಲವೇ ಗಂಟೆಗಳಲ್ಲಿ ಹೋಗುತ್ತಿತ್ತು. ಹೂವನ್ನು ಬೇಗ ಸಾಗಿಸುವ ಉಪಾಯ ಹುಡುಕುವ ಬದಲು, ಹೂವು ಸಾಗುವ ಅಗತ್ಯವನ್ನೇ ಅವರು ತೆಗೆದುಹಾಕಿದರು. ನಮ್ಮ ದೇಶದಲ್ಲಿ ತಂತಿಯ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ತಂತಿ ಹೋದರೂ ಆ ಉಪಾಯ ಉಳಿದಿದೆ. ಇಂದು ಅದೇ ಮಾತು ದೂರವಾಣಿಯಲ್ಲಿ, ಅಂತರಜಾಲದಲ್ಲಿ ಹೋಗುತ್ತದೆ.

ಆದರೆ ಈ ಉಪಾಯದ ಒಳಗೇ ಒಂದು ದೋಷದ ಬೀಜವೂ ಇತ್ತು. ಬೇಡಿಕೆಯನ್ನು ಪಡೆದು ಮುಂದಕ್ಕೆ ಕಳುಹಿಸಿದ ಅಂಗಡಿಗೆ ಸುಮಾರು ಐದರಲ್ಲೊಂದು ಪಾಲು ಸಲ್ಲುವುದು ಈ ಸಂಘಗಳಲ್ಲಿ ಬಹುಕಾಲದ ವಾಡಿಕೆ. ಲೆಕ್ಕ ನೋಡಿಕೊಳ್ಳುವ ಸಂಘಕ್ಕೆ ಇನ್ನೊಂದಿಷ್ಟು. ಗಿರಾಕಿ ಸಾವಿರ ರೂಪಾಯಿ ಕೊಟ್ಟರೆ, ಹೂವನ್ನು ಕಟ್ಟಿ ಕೊಂಡೊಯ್ಯುವವನ ಕೈಗೆ ಎಂಟುನೂರಕ್ಕಿಂತಲೂ ಕಡಮೆ. ಇಬ್ಬರೂ ಹೂವು ಬಲ್ಲ ಅಂಗಡಿಯವರಾಗಿದ್ದಾಗ ಇದು ನ್ಯಾಯವೇ ಆಗಿತ್ತು. ಇಂದು ನಿನ್ನ ಗಿರಾಕಿ ನನ್ನೂರಿಗೆ, ನಾಳೆ ನನ್ನ ಗಿರಾಕಿ ನಿನ್ನೂರಿಗೆ. ಕಾಲಕ್ರಮದಲ್ಲಿ, ಅಂಗಡಿಯೇ ಇಲ್ಲದೆ ಬೇಡಿಕೆಗಳನ್ನು ಮಾತ್ರ ಕೂಡಿಹಾಕುವ ಮಧ್ಯವರ್ತಿಗಳು ಹುಟ್ಟಿಕೊಂಡರು. ಅವರಲ್ಲಿ ಬಕೆಟ್ಟೂ ಇಲ್ಲ, ಕತ್ತರಿಯೂ ಇಲ್ಲ. ಊರಿನ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡು, ಆ ಊರಿನ ದೂರವಾಣಿ ಸಂಖ್ಯೆಯನ್ನೇ ತೋರಿಸಿ, ನೂರಾರು ಮೈಲಿ ಆಚೆ ಕುಳಿತು ಬೇಡಿಕೆ ಪಡೆದು, ತಮ್ಮ ಪಾಲನ್ನು ಮುರಿದುಕೊಂಡು ಉಳಿದುದನ್ನು ಯಾವುದಾದರೊಂದು ಅಂಗಡಿಗೆ ದಾಟಿಸುತ್ತಾರೆ. ಹೂವಿನ ವ್ಯಾಪಾರಿ ತಾನಿಲ್ಲದ ಊರಿನವನೆಂದು ಜಾಹೀರಾತು ಮಾಡಬಾರದೆಂದು ಅಮೆರಿಕದ ಹಲವು ರಾಜ್ಯಗಳು ಕಾನೂನನ್ನೇ ಮಾಡಬೇಕಾಗಿ ಬಂದಿತೆಂದರೆ ಈ ಪಿಡುಗಿನ ಹರವನ್ನು ಊಹಿಸಬಹುದು. ಹತ್ತಿರದ ಅಂಗಡಿಯನ್ನು ಹುಡುಕುವುದೆಂದರೆ ಹತ್ತಿರದ ಹೆಸರನ್ನು ಹುಡುಕುವುದಲ್ಲ.

ಹತ್ತಿರದ ಹೂವು ಯಾವುದು?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಧಾರವಾಡದ ಅಂಗಡಿಯಲ್ಲಿರುವ ಗುಲಾಬಿಯೂ ಬಹುಶಃ ಬೆಂಗಳೂರು ಅಥವಾ ಹೊಸೂರಿನ ಕಡೆಯಿಂದ ಬಂದದ್ದೇ ಇರಬಹುದು. ಕೀನ್ಯ ದೇಶದ ನೈವಾಷಾ ಸರೋವರದ ದಡದಲ್ಲಿ ಬೆಳೆದ ಗುಲಾಬಿ ವಿಮಾನವೇರಿ ಹಾಲೆಂಡಿನ ಆಲ್ಸ್‌ಮೀರ್ ಹರಾಜು ಕಟ್ಟೆಗೆ ಹೋಗಿ, ಅಲ್ಲಿಂದ ಯೂರೋಪಿನ ಅಂಗಡಿಗಳಿಗೆ ಹಂಚಿಕೆಯಾಗುತ್ತದೆ. ಹೀಗಿರಲು ಹತ್ತಿರ ದೂರಗಳ ಮಾತೇಕೆ?

ಉತ್ತರವೆಂದರೆ, ದೂರ ಸಾಗುವ ಹೂವು ನಿದ್ರಿಸುತ್ತಾ ಸಾಗುತ್ತದೆ. ಗುಲಾಬಿ, ಕಾರ್ನೇಷನ್‌ಗಳನ್ನು ಮೊಗ್ಗಿನಲ್ಲಿಯೇ ಕೊಯ್ದು, ಕೂಡಲೆ ತಣಿಸಿ, 0 ಡಿಗ್ರಿಗೆ ಸ್ವಲ್ಪವೇ ಮೇಲಿನ ಉಷ್ಣತೆಯಲ್ಲಿಟ್ಟು ಒಯ್ಯುತ್ತಾರೆ. ಉಸಿರಾಟ ನಲವತ್ತರಲ್ಲಿ ಒಂದು ಪಾಲಿಗೆ ಇಳಿದಿರುವುದರಿಂದ ದಾರಿಯ ದಿನಗಳು ಹೂವಿನ ಲೆಕ್ಕಕ್ಕೆ ಗಂಟೆಗಳಾಗುತ್ತವೆ. (ಆರ್ಕಿಡ್, ಆಂಥೂರಿಯಂಗಳಂಥ ಉಷ್ಣವಲಯದ ಹೂವುಗಳಿಗೆ ಇಷ್ಟು ಚಳಿ ಆಗದು, 10 ಡಿಗ್ರಿಗಿಂತ ಕೆಳಗಿಳಿದರೆ ಅವುಗಳ ದಳಗಳು ಕಪ್ಪಾಗುತ್ತವೆ.) ಈ ಶೀತದ ಸರಪಣಿ ಒಂದು ಕಡೆ ಕಡಿದರೂ ಹೂವು ಎಚ್ಚರಗೊಂಡು ಸಕ್ಕರೆಯನ್ನು ಖರ್ಚುಮಾಡತೊಡಗುತ್ತದೆ. ಸರಪಣಿಯ ಕೊನೆಯ ಕೊಂಡಿಯೇ ಊರಿನ ಅಂಗಡಿ. ಅಲ್ಲಿ ಕಾಂಡವನ್ನು ಹೊಸದಾಗಿ ಕತ್ತರಿಸಿ, ಶುದ್ಧವಾದ ನೀರು ಕುಡಿಸಿ, ಬಾಡಿದ ದಳಗಳನ್ನು ಕಿತ್ತು, ಕಟ್ಟಿ, ಅದೇ ಹೊತ್ತಿನಲ್ಲಿ ಮನೆಗೆ ಕೊಂಡೊಯ್ಯುವ ಕೈಗಳಿವೆ. ಮೈಸೂರಿನಿಂದ ರಟ್ಟಿನ ಪೆಟ್ಟಿಗೆಯಲ್ಲಿ ಸಾಮಾನ್ಯ ಪಾರ್ಸೆಲುಗಳ ಜೊತೆ ಬಂದ ಹೂವಿಗೆ ಶೀತವೂ ಇಲ್ಲ, ನೀರೂ ಇಲ್ಲ, ಈ ಕೈಗಳೂ ಇಲ್ಲ. ಪೆಟ್ಟಿಗೆಯಲ್ಲಿ ಅಡ್ಡ ಮಲಗಿಸಿದ ಗ್ಲಾಡಿಯೋಲಸ್ ಹೂವಿನ ಕಡ್ಡಿ ಭೂಮಿಯ ಸೆಳೆತವನ್ನು ಅರಿತು ತುದಿಯನ್ನು ಮೇಲಕ್ಕೆ ಬಾಗಿಸಿಕೊಳ್ಳುತ್ತದೆ. ಪೆಟ್ಟಿಗೆ ತೆರೆದಾಗ ಕಡ್ಡಿಗಳೆಲ್ಲ ಕೊಡೆಯ ಹಿಡಿಗಳಾಗಿರುತ್ತವೆ. ಬಲ್ಲ ವ್ಯಾಪಾರಿಗಳು ಅದನ್ನು ನಿಲ್ಲಿಸಿಯೇ ಸಾಗಿಸುತ್ತಾರೆ.

ಇನ್ನು ನಮ್ಮ ನಾಡಿನ ಬಿಡಿ ಹೂವುಗಳ ಮಾತೇ ಬೇರೆ. ಮಲ್ಲಿಗೆ, ಕನಕಾಂಬರಗಳಿಗೆ ನೀರು ಕುಡಿಯಲು ಕಾಂಡವೇ ಇಲ್ಲ. ಉಡುಪಿಯ ಶಂಕರಪುರದ ಮಲ್ಲಿಗೆಯನ್ನು ನೋಡಿ. ಬೆಳಗಿನ ಜಾವ ಮೊಗ್ಗು ಬಿಡಿಸಿ, ಬಾಳೆಯ ನಾರಿನಲ್ಲಿ ಕಟ್ಟುತ್ತಾರೆ. 800 ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ ಎಂಬುದು ಅಲ್ಲಿಯ ಅಳತೆ. ಅಟ್ಟೆಯ ಬೆಲೆ ದಿನದಿನಕ್ಕೂ ನಿಗದಿಯಾಗುತ್ತದೆ. (ಬೆಂಗಳೂರಿನ ಮೊಳಕ್ಕಿಂತ ಇದು ನಂಬಿಗೆಯ ಅಳತೆ; ಮೊಳ ಮಾರುವವರ ತೋಳಿನೊಡನೆ ಬದಲಾಗುತ್ತದೆ.) ಮೊಗ್ಗಿನ ಒಳಗೆ ಒಂದು ಗಡಿಯಾರವಿದ್ದಂತೆ, ಕೊಯ್ದ ಮೊಗ್ಗು ಅದೇ ದಿನ ಸಂಜೆ ಅರಳುತ್ತದೆ, ಪರಿಮಳ ಹೊಮ್ಮುವುದು ಆಗಲೇ. ಮರುದಿನ ಅದು ಕೆಂಪಗಾಗಿ ಬಾಡುತ್ತದೆ. ಆದ್ದರಿಂದ ಮಲ್ಲಿಗೆ ಸಾಮಾನ್ಯವಾಗಿ ಹೋಗಬಲ್ಲ ದೂರವೆಂದರೆ ಬೆಳಗಿನಿಂದ ಸಂಜೆಯ ತನಕ ಹೋಗಬಹುದಾದಷ್ಟು ದೂರ. ತಣ್ಣನೆಯ ಪೆಟ್ಟಿಗೆಗಳಲ್ಲಿ ಅದು ವಿಮಾನವೇರಿ ಮುಂಬಯಿಗೂ ಕೊಲ್ಲಿ ದೇಶಗಳಲ್ಲಿರುವ ನಮ್ಮವರ ಮುಡಿಗೂ ತಲುಪುತ್ತಿದೆಯೆಂಬುದು ನಿಜ. ಗಡಿಯಾರವನ್ನು ನಿಧಾನಗೊಳಿಸಬಹುದು, ನಿಲ್ಲಿಸಲಾಗದು.

ಅಂಗಡಿಯನ್ನು ಪತ್ತೆಮಾಡುವುದು

ಹಾಗಾದರೆ ಹಾಸ್ಟೆಲಿನ ಹುಡುಗಿ ಧಾರವಾಡದಲ್ಲಿ ಅಂಗಡಿಯನ್ನು ಹುಡುಕುವುದು ಹೇಗೆ? ಮೊದಲು ಮನುಷ್ಯರನ್ನು ಕೇಳಬೇಕು, ಯಂತ್ರವನ್ನು ಆಮೇಲೆ. ಅಜ್ಜಿಯ ನೆರೆಮನೆಯವರು, ಆ ಬೀದಿಯ ಗುಡಿಯ ಅರ್ಚಕರು, ಊರಿನಲ್ಲಿರುವ ಸಹಪಾಠಿಯೊಬ್ಬ, ಇವರಲ್ಲಿ ಯಾರಾದರೂ ಒಬ್ಬರು ಹೂವಿನವರ ಸಂಖ್ಯೆಯನ್ನು ಬಲ್ಲವರಿರುತ್ತಾರೆ. ನಮ್ಮ ಊರುಗಳಲ್ಲಿ ಗುಡಿಯ ಸುತ್ತ ದಿನವೂ ಹೂವು ಖರ್ಚಾಗುತ್ತದೆ. ಖರ್ಚಾಗುವಲ್ಲಿ ಹಳೆಯ ಹೂವು ಉಳಿಯುವುದಿಲ್ಲ. ಯಾರೂ ಸಿಗದಿದ್ದರೆ ದೂರವಾಣಿಯ ನಕ್ಷೆಯನ್ನು ತೆರೆದು, ಅಜ್ಜಿಯ ಮನೆಯನ್ನು ನಡುವಿಟ್ಟುಕೊಂಡು ಹುಡುಕಬೇಕು. ಅಲ್ಲಿ ಅಂಗಡಿಯ ಮುಂಭಾಗದ ಚಿತ್ರ, ಪಕ್ಕದ ಕಟ್ಟಡಗಳು, ಬೀದಿಯ ಹೆಸರು ಇವೆಯೇ ಎಂದು ನೋಡಬೇಕು. ಹೂಗುಚ್ಛದ ಚೆಂದದ ಚಿತ್ರಗಳು ಮಾತ್ರ ಇದ್ದು ಅಂಗಡಿಯ ಚಿತ್ರವೇ ಇಲ್ಲದಿದ್ದರೆ ಸಂಶಯಪಡಬೇಕು.

ಆಮೇಲೆ ನೇರವಾಗಿ ಮಾತನಾಡಬೇಕು. ನಿಮ್ಮ ಅಂಗಡಿ ಯಾವ ಗುಡಿಯ ಎದುರು, ಯಾವ ಚೌಕದ ಬಳಿ ಎಂದು ಕೇಳಿದರೆ ಮಧ್ಯವರ್ತಿ ತಡವರಿಸುತ್ತಾನೆ. ಊರಿನವನು ಪ್ರಶ್ನೆ ಮುಗಿಯುವ ಮೊದಲೇ ಹೇಳುತ್ತಾನೆ. ಅದಕ್ಕಿಂತಲೂ ಒಳ್ಳೆಯ ಪ್ರಶ್ನೆಯೊಂದುಂಟು.

“ಕಾಕಾ, ಇವತ್ತು ನಿಮ್ಮಲ್ಲಿ ಯಾವ ಹೂ ಛಲೋ ಅದಾವ್ರಿ?” ಎಂದು ಹುಡುಗಿ ಕೇಳಲಿ.

“ಗುಲಾಬಿ ಬ್ಯಾಡವಾ, ನಿನ್ನಿವು ಅದಾವ. ಸುಗಂಧರಾಜ ಈಗ ಬಂದಾವ, ಅವನ್ನ ಕಟ್ಟಿ ಕೊಡ್ತೀನಿ” ಎಂಬ ಉತ್ತರ ಬಂದರೆ, ಅವಳು ಅಂಗಡಿಯನ್ನು ಕಂಡುಕೊಂಡಳು ಎಂದೇ ತಿಳಿಯಬೇಕು. ತನ್ನ ಬಕೆಟ್ಟುಗಳನ್ನು ಕಣ್ಣಾರೆ ನೋಡುತ್ತಾ ನಿಂತವನು ಮಾತ್ರ ಹೀಗೆ ಹೇಳಬಲ್ಲ. ‘ಚಿತ್ರದಲ್ಲಿ ಇರುವುದೆಲ್ಲವೂ ಇದೆ’ ಎನ್ನುವವನನ್ನು ನಾವು ನಂಬುವುದಿಲ್ಲ. ಯಾವ ಅಂಗಡಿಯಲ್ಲಿಯೂ ಯಾವ ದಿನವೂ ಎಲ್ಲ ಹೂವೂ ಹೊಸದಾಗಿರುವುದು ಸಾಧ್ಯವಿಲ್ಲ.

ಚಿತ್ರವನ್ನು ತೋರಿಸಿ ಅದೇ ಬೇಕೆಂದು ಹಟಹಿಡಿಯುವುದು ಗಿರಾಕಿಯ ಕಡೆಯ ತಪ್ಪು. ಚಿತ್ರದ ಹೂವು ಎಂದೋ ಎಲ್ಲಿಯೋ ಅರಳಿದ್ದು. ಅದಕ್ಕೆ ಹೊಂದಿಸಲು ಹೋಗಿ ಅಂಗಡಿಯವನು ಹಳೆಯ ದಾಸ್ತಾನನ್ನು ಹುಡುಕಬೇಕಾಗುತ್ತದೆ. ಇಷ್ಟು ಹಣ, ಅಜ್ಜಿಗೆ ಬಿಳುಪು ಇಷ್ಟ, ಪರಿಮಳ ಇರಲಿ, ಉಳಿದುದು ನಿಮ್ಮ ಕೈಗೆ ಎಂದು ಬಿಟ್ಟುಕೊಡುವುದೇ ಲೇಸು. ಕಟ್ಟಿದ ಮೇಲೆ, ಒಯ್ಯುವ ಮುನ್ನ, ಅದರ ಒಂದು ಚಿತ್ರವನ್ನು ಕಳುಹಿಸಲು ಕೇಳುವುದರಲ್ಲಿ ತಪ್ಪಿಲ್ಲ. ಸುಗಂಧರಾಜದ ಕಡ್ಡಿಯಲ್ಲಿ ಕೆಳಗಿನ ಎರಡು ಮೂರು ಹೂವುಗಳು ಮಾತ್ರ ಅರಳಿದ್ದು, ಮೇಲಿನವು ತುಂಬಿದ ಮೊಗ್ಗುಗಳಾಗಿದ್ದರೆ ಅದು ಒಳ್ಳೆಯ ಕಡ್ಡಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಳೆಸಿಕೊಟ್ಟ ‘ಶೃಂಗಾರ್’, ‘ಪ್ರಜ್ವಲ್’ ಮುಂತಾದ ತಳಿಗಳು ಈ ಹೂವನ್ನು ಬೆಳೆಯುವ ರೈತರಿಗೆ ತುಂಬ ನೆರವಾಗಿವೆ.

ಹೊತ್ತನ್ನೂ ಗೊತ್ತುಮಾಡಿಕೊಳ್ಳಬೇಕು. ನಡುಹಗಲಿನ ಬಿಸಿಲಿನಲ್ಲಿ ಒಯ್ಯುವುದಕ್ಕಿಂತ ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಒಯ್ಯುವುದು ಮೇಲೆಂಬುದಕ್ಕೆ ಮೇಲೆ ಹೇಳಿದ ಉಸಿರಾಟದ ಲೆಕ್ಕವೇ ಸಾಕು. ವರಮಹಾಲಕ್ಷ್ಮಿ ವ್ರತ, ಆಯುಧಪೂಜೆಗಳ ಹಿಂದುಮುಂದಿನ ದಿನಗಳಲ್ಲಿ ಬೆಲೆ ಏರುವುದು ವ್ಯಾಪಾರಿಯ ದುರಾಸೆಯಿಂದ ಮಾತ್ರವಲ್ಲ. ಅಕ್ಕಿಯಂತೆ ಹೂವನ್ನು ತಿಂಗಳ ಮುಂಚೆ ಕೂಡಿಡಲು ಬಾರದು. ಅಂಥ ದಿನಗಳಿಗೆ ವಾರದ ಮುಂಚೆಯೇ ಹೇಳಿಡಬೇಕು. ಆಸ್ಪತ್ರೆಗೆ ಕಳುಹಿಸುವುದಾದರೆ ಆ ವಾರ್ಡಿನಲ್ಲಿ ಹೂವಿಗೆ ಅವಕಾಶವಿದೆಯೇ ಎಂದು ಮೊದಲೇ ವಿಚಾರಿಸಬೇಕು. ತೀವ್ರ ನಿಗಾ ಘಟಕಗಳಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ.

ಕೊನೆಯದಾಗಿ ಅಜ್ಜಿಯ ಮನೆಯಲ್ಲಿರುವವರಿಗೆ ಒಂದು ಕರೆ ಮಾಡಿ ಹೇಳಬೇಕಾದ ಮಾತುಗಳಿವೆ. ಹೂವು ಬಂದ ಕೂಡಲೆ ಕಾಂಡದ ತುದಿಯನ್ನು ನೀರಿನೊಳಗೆ ಹಿಡಿದು ಓರೆಯಾಗಿ ಕತ್ತರಿಸಲಿ. ತೊಳೆದ ಪಾತ್ರೆಯಲ್ಲಿ ನಿಲ್ಲಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದುಹಾಕಲಿ. ಎಲೆ ಕೊಳೆತರೆ ಬ್ಯಾಕ್ಟೀರಿಯಗಳಿಗೆ ಹಬ್ಬ. ಬರಿಯ ಸಕ್ಕರೆಯನ್ನು ಹಾಕುವುದು ಬೇಡ. ಹೂವಿಗಿಂತ ಮುಂಚೆ ಅದನ್ನು ಉಣ್ಣುವವು ಅವೇ. ನೀರನ್ನು ದಿನವೂ ಬದಲಿಸಲಿ. ಹೂದಾನಿ ಬೀಸಣಿಗೆಯ ಕೆಳಗೂ ಬೇಡ, ಹಣ್ಣಿನ ಬುಟ್ಟಿಯ ಪಕ್ಕವೂ ಬೇಡ, ದೇವರ ಮನೆಯ ಊದುಬತ್ತಿಯ ಹೊಗೆಗೂ ಬೇಡ. ರಾತ್ರಿ ಅದನ್ನು ಮನೆಯ ತಂಪಾದ ಮೂಲೆಗೆ ಸರಿಸಿಡಲಿ. ಸುಗಂಧರಾಜದ ಕೆಳಗಿನ ಹೂವು ಬಾಡಿದಂತೆಲ್ಲ ಕಿತ್ತುಹಾಕುತ್ತಾ ಬಂದರೆ ಮೇಲಿನ ಮೊಗ್ಗುಗಳು ಒಂದಾದಮೇಲೊಂದರಂತೆ ಇನ್ನೂ ಕೆಲವು ದಿನ ಅರಳುತ್ತಿರುತ್ತವೆ.